ಬೇವಿನ ಬುಡಕ್ಕೆ ಹದಿಮೂರು ಕೊಡ

"ಗುರುಗಳೇ, ಕಲಿಸುವವಳು ಎಷ್ಟು ಕಲಿಸಬೇಕು?"

ಕೇಳಿದವಳು ಪಂಕಜಾಕ್ಷಿ. ಮಕ್ಕಳ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಾದಿ. ಹೊಸದಾಗಿ ಸೇರಿದ ಹುಡುಗಿಯರನ್ನು ಹಿರಿಯ ದಾದಿಯರಿಗೆ ಒಪ್ಪಿಸಿ ಒಂದು ವರ್ಷ ಪಳಗಿಸುವ ಏರ್ಪಾಡು ಆ ಆಸ್ಪತ್ರೆಯಲ್ಲಿ ಆರಂಭವಾಗಿತ್ತು. ಅವಳ ಪಾಲಿಗೆ ನಾಲ್ವರು ಬಂದಿದ್ದರು. ವರ್ಷ ಮುಗಿದಿತ್ತು.

"ನನಗೆ ಗೊತ್ತಿರುವುದನ್ನೆಲ್ಲ ಇವರಿಗೆ ಕಲಿಸಿದ್ದೇನೆ ಅಂತ ನಾಳೆ ರುಜು ಹಾಕಬೇಕು. ಕಲಿಸಿದ್ದೇನೆ, ಒಂದನ್ನು ಬಿಟ್ಟು. ಎಳೆಗೂಸಿನ ಕೈಯಲ್ಲಿ ನರ ಸಿಗದಿದ್ದಾಗ ಡಾಕ್ಟರೂ ನನ್ನನ್ನೇ ಕರೆಯುತ್ತಾರೆ. ಅದೊಂದು ನನ್ನ ಹತ್ತಿರವೇ ಇರಲಿ ಅನ್ನಿಸುತ್ತದೆ. ತಪ್ಪೇ?"

ಗುರುಗಳು ಸಂಸಾರಸ್ಥರು. ಹಿಂದಿನ ತಿಂಗಳು ಮೊಮ್ಮಗುವಿಗೆ ಜ್ವರ ಬಂದಾಗ ಅವಳ ವಾರ್ಡಿನಲ್ಲೇ ಮೂರು ದಿನ ಕೂತಿದ್ದವರು. ಅವರು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ.

"ಒಂದು ಕತೆ ಇದೆ ತಾಯಿ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಜ. ಬೇಕಾದರೆ ಈ ದೀಪ ಮುಟ್ಟಿ ಹೇಳುತ್ತೇನೆ. ಈ ಸೀಮೆಯಲ್ಲಿ ನನ್ನಷ್ಟು ನಿಜ ಹೇಳುವವನು ಇನ್ನೊಬ್ಬನಿದ್ದ. ಪಂದ್ಯ ಕಟ್ಟಿ ಅವನನ್ನೂ ಸೋಲಿಸಿದ್ದೇನೆ. ಕೇಳು."

ಒಂದು ಊರಿನಲ್ಲಿ ಒಬ್ಬ ಬಣ್ಣಗಾರ್ತಿ ಇದ್ದಳು. ಸೀರೆಯ ನೂಲಿಗೆ ಕೆಂಪು ಹಾಕುವುದು ಅವಳ ಕೆಲಸ. ಆ ಕೆಂಪಿನ ಸೀರೆಯನ್ನು ಹೊಳೆಯಲ್ಲಿ ಒಗೆದರೆ ಕಲ್ಲು ಸವೆಯುತ್ತಿತ್ತು, ಹೊಳೆ ಸವೆಯುತ್ತಿತ್ತು, ಬಣ್ಣ ಮಾತ್ರ ಸವೆಯುತ್ತಿರಲಿಲ್ಲ. ಅಜ್ಜಿ ಉಟ್ಟ ಸೀರೆಯನ್ನು ಮೊಮ್ಮಗಳು ಉಟ್ಟರೆ ಮೊಮ್ಮಗಳಿಗಿಂತ ಸೀರೆಯೇ ಸಣ್ಣ ವಯಸ್ಸಿನದಾಗಿ ಕಾಣುತ್ತಿತ್ತು.

ಬಣ್ಣದ ಮನೆ ಒಬ್ಬ ವರ್ತಕನದು. ಅವನು ಒಂದು ಕಟ್ಟಳೆ ಮಾಡಿದ. ಕೆಲಸ ಬಲ್ಲ ಹೆಂಗಸು ಕೆಲಸ ಬಾರದ ಹುಡುಗಿಯೊಬ್ಬಳನ್ನು ಎರಡು ವರ್ಷ ಜೊತೆಗಿಟ್ಟುಕೊಂಡು ಕಲಿಸಬೇಕು. ಎರಡು ವರ್ಷ ತುಂಬಿದ ದಿನ ಹುಡುಗಿಯ ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದಿ ಬಾಗಿಲ ಚೌಕಟ್ಟಿಗೆ ಒತ್ತಿಸಬೇಕು. ಒತ್ತಿಸುವಾಗ ಕಲಿಸಿದವಳು ಎಲ್ಲರ ಎದುರು, "ನನ್ನ ಕೈಯಲ್ಲಿದ್ದದ್ದೆಲ್ಲ ಇವಳ ಕೈಗೆ ಹೋಯಿತು" ಎನ್ನಬೇಕು. ಹಾಗೆ ಗುರುತು ಒತ್ತಿದ ಹುಡುಗಿ ಇನ್ನೊಂದು ಬಣ್ಣದ ಮನೆಯಲ್ಲಿ ತಾನೇ ಯಜಮಾನಿಯಂತೆ ನಿಲ್ಲಬಹುದು.

ಬಣ್ಣಗಾರ್ತಿಯ ಪಾಲಿಗೂ ಒಬ್ಬ ಹುಡುಗಿ ಬಂದಳು. ಬೇರು ಕುಟ್ಟುವುದು, ನೀರಿನ ಅಳತೆ, ಸೌದೆಯ ಉರಿ, ನೂಲು ಹಿಂಡುವ ಬಗೆ, ಎಲ್ಲವನ್ನೂ ಬಣ್ಣಗಾರ್ತಿ ಕಲಿಸಿದಳು. ಕೈ ಹಿಡಿದು ಕಲಿಸಿದಳು, ಬೈದು ಕಲಿಸಿದಳು, ಮಧ್ಯಾಹ್ನ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು ಕಲಿಸಿದಳು. ಅದರಲ್ಲಿ ಮೋಸವಿಲ್ಲ.

ಆದರೆ ಕಡಾಯಿಯ ಮೇಲೆ ಕಟ್ಟಿದ ನೊರೆ ಒಡೆಯುವ ಹೊತ್ತಿಗೆ ಸರಿಯಾಗಿ, "ಹೋಗೇ, ಒಂದು ಕೊಡ ನೀರು ತಗೊಂಡು ಬಾ" ಎನ್ನುತ್ತಿದ್ದಳು.

ಬಾವಿ ಬೀದಿಯ ಆ ತುದಿಯಲ್ಲಿತ್ತು. ಹುಡುಗಿ ಹೋಗಿ ಬರುವಷ್ಟರಲ್ಲಿ ಬಣ್ಣಗಾರ್ತಿ ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ಹುಳಿ ಇದ್ದರೆ ಕಾಯಬೇಕು. ಹುಳಿ ಹೋಗಿ ಒಗರು ನಿಂತ ಗಳಿಗೆಯಲ್ಲಿ ನೂಲು ಅದ್ದಬೇಕು. ಸ್ವಲ್ಪ ಹಿಂದುಮುಂದಾದರೂ ಬಣ್ಣ ನಿಲ್ಲುವುದಿಲ್ಲ. ಗುಟ್ಟು ಅಷ್ಟೇ, ಒಂದು ಹನಿಯದು. ಆ ಹನಿಯ ಮೇಲೆ ಅವಳ ಅನ್ನ ನಿಂತಿತ್ತು, ಹೆಸರು ನಿಂತಿತ್ತು, ಬೀದಿಯಲ್ಲಿ ತಲೆಯೆತ್ತಿ ನಡೆಯುವ ಅವಳ ನಡಿಗೆಯೂ ನಿಂತಿತ್ತು.

ಹುಡುಗಿ ಕೊಡ ಹೊತ್ತು ಬಂದು, "ಎಲ್ಲಿಗೆ ಹಾಕಲಿ ಅಕ್ಕ?" ಎಂದು ಕೇಳುತ್ತಿದ್ದಳು. ಆ ನೀರಿನಿಂದ ಆಗಬೇಕಾದ ಕೆಲಸವೇನಾದರೂ ಇದ್ದರಲ್ಲವೆ? "ಆ ಬೇವಿನ ಬುಡಕ್ಕೆ ಹೊಯ್ಯಿ" ಎನ್ನುತ್ತಿದ್ದಳು ಬಣ್ಣಗಾರ್ತಿ. ಎರಡು ವರ್ಷ ನೀರು ಕುಡಿದ ಆ ಬೇವು ಎಷ್ಟು ಎತ್ತರಕ್ಕೆ ಹೋಯಿತೆಂದರೆ, ಅದರ ತುದಿಯಲ್ಲಿ ಗೂಡು ಕಟ್ಟಿದ ಕಾಗೆ ಕೆಳಗಿಳಿಯಬೇಕಾದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕಾಗಿತ್ತು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಹೆಬ್ಬೆರಳು ಒತ್ತುವ ದಿನ ಬಂತು. ಬಣ್ಣಗಾರ್ತಿ ಹುಡುಗಿಯ ಕೈ ಹಿಡಿದು ಚೌಕಟ್ಟಿಗೆ ಒತ್ತಿಸಿದಳು. "ನನ್ನ ಕೈಯಲ್ಲಿದ್ದದ್ದೆಲ್ಲ ಇವಳ ಕೈಗೆ ಹೋಯಿತು" ಎಂದಳು. ಇದರಲ್ಲಿ ಸುಳ್ಳೇನಿದೆ, ಕೈಯಲ್ಲಿದ್ದದ್ದು ಹೋಯಿತು, ನಾಲಿಗೆಯ ಮೇಲಿದ್ದದ್ದು ಉಳಿಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹುಡುಗಿ ಕಾಲಿಗೆ ಬಿದ್ದಾಗ ಮಾತ್ರ ಬೇರೆ ಕಡೆ ನೋಡಿದಳು.

ಪಂಕಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಆಮೇಲೆ?" ಎಂದಳು.

ಆಮೇಲೆ ವರ್ತಕ ಪಕ್ಕದ ಊರಿನಲ್ಲಿ ಇನ್ನೊಂದು ಬಣ್ಣದ ಮನೆ ತೆರೆದ. ಹುಡುಗಿಯನ್ನು ಅಲ್ಲಿಗೆ ಯಜಮಾನಿಯನ್ನಾಗಿ ಮಾಡಿದ. ಕಲಿಯಲು ಹನ್ನೆರಡು ಹುಡುಗಿಯರು ಬಂದರು. ಒಂದು ವರ್ಷ ಕಳೆಯಿತು. ಒಂದು ದಿನ ವರ್ತಕ ಬಣ್ಣಗಾರ್ತಿಯ ಮುಂದೆ ಬಂದು ನಿಂತ.

"ಏನಮ್ಮ, ನಿನ್ನ ಶಿಷ್ಯೆಯ ಪ್ರತಾಪ ಕೇಳಿದೆಯಾ? ಧಾರೆ ಎರೆಯುವಾಗ ಮದುಮಗಳ ಸೀರೆಗೆ ನಾಲ್ಕು ಹನಿ ನೀರು ಬಿದ್ದದ್ದೇ ತಡ, ಮದುಮಗನ ಪಂಚೆ ಕೆಂಪು, ಮಾವನ ಶಲ್ಯ ಕೆಂಪು, ಪುರೋಹಿತರ ಗಡ್ಡವೂ ಕೆಂಪು! ಇಂಥದ್ದು ಮೂರು ಸಲ ಆಯಿತು. ಇನ್ನೊಂದು ಸಲ ಆದರೆ ಬಾಗಿಲು ಹಾಕುತ್ತೇನೆ. ಹೆಣ್ಣುಮಕ್ಕಳಿಗೆ ಕಸುಬು ಕಲಿಸುವ ಹುಚ್ಚು ನನಗೆ ಸಾಕು. ಹದಿಮೂರು ಮಂದಿಯೂ ಹೋಗಿ ಕಂಡವರ ಮನೆಯ ಮುಸುರೆ ತಿಕ್ಕಲಿ. ಅವಳ ತಪ್ಪೇನು, ನೋಡಿಕೊಂಡು ಬಾ."

ಬಣ್ಣಗಾರ್ತಿ ಹೊರಟಳು. ದಾರಿಯುದ್ದಕ್ಕೂ ಮುಖದಲ್ಲಿ ಚಿಂತೆ, ಒಳಗೊಳಗೇ ಒಂದು ಸಣ್ಣ ಖುಷಿ. ನಾನಿಲ್ಲದೆ ನಡೆಯದು, ನೋಡಿದಿರಾ ಎನ್ನುವ ಖುಷಿ. ಆ ಖುಷಿ ಆಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹುಡುಗಿ ಓಡಿ ಬಂದು ಕಾಲಿಗೆ ಬಿದ್ದಳು. ಚಾಪೆ ಹಾಸಿ ಕೂರಿಸಿದಳು. ಕೆಲಸ ಶುರುವಾಯಿತು. ಬಣ್ಣಗಾರ್ತಿ ಕಣ್ಣಿಟ್ಟು ನೋಡಿದಳು. ಬೇರು ಕುಟ್ಟಿದ್ದು ಸರಿ. ಅಳತೆ ಸರಿ. ಉರಿ ಸರಿ. ಹನ್ನೆರಡು ಜೊತೆ ಕೈಗಳೂ ತನ್ನ ಕೈಗಳೇ ಎನ್ನುವ ಹಾಗೆ ಆಡುತ್ತಿದ್ದವು. ನೊರೆ ಕಟ್ಟಿತು. ನೊರೆ ಒಡೆಯತೊಡಗಿತು.

"ಕೊಡ!" ಎಂದಳು ಹುಡುಗಿ.

ಹನ್ನೆರಡು ಹುಡುಗಿಯರೂ ಹನ್ನೆರಡು ಕೊಡ ಎತ್ತಿಕೊಂಡರು. ಹದಿಮೂರನೆಯದನ್ನು ತಾನೇ ಎತ್ತಿಕೊಂಡಳು. ಸಾಲಾಗಿ ಬಾವಿಯ ಕಡೆಗೆ ನಡೆದರು. ಬಣ್ಣದ ಮನೆಯಲ್ಲಿ ನರಪಿಳ್ಳೆ ಇಲ್ಲ. ಕಡಾಯಿಯೊಂದು, ಬಣ್ಣಗಾರ್ತಿಯೊಬ್ಬಳು. ಅವಳು ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿದಳು. ಒಗರು. ಅದ್ದಬೇಕಾದ ಗಳಿಗೆ ಇದೇ. ಅದ್ದುವವರು ಬಾವಿಯ ಹತ್ತಿರ ಇದ್ದರು.

ಹದಿಮೂರು ಕೊಡ ಬಂದವು. ಅಂಗಳದಲ್ಲಿ ಒಂದು ಬೇವಿನ ಸಸಿ ಇತ್ತು. ಬಂದ ನೀರೆಲ್ಲ ಅದರ ಬುಡಕ್ಕೆ ಹೋಯಿತು. ಆಮೇಲೆ ಎಲ್ಲರೂ ಕೈ ಒರೆಸಿಕೊಂಡು ಭಕ್ತಿಯಿಂದ ನೂಲು ಅದ್ದಿದರು.

"ಅಷ್ಟೂ ಜನ ಎಲ್ಲಿಗೆ ಹೋಗಿದ್ದಿರೇ?" ಎಂದಳು ಬಣ್ಣಗಾರ್ತಿ.

"ನೀರಿಗೆ ಅಕ್ಕ. ನೀವೇ ಕಲಿಸಿದ್ದಲ್ಲವಾ? ಎರಡು ವರ್ಷದಲ್ಲಿ ಒಂದು ದಿನವೂ ನೀವು ಅದನ್ನು ತಪ್ಪಿಸಲಿಲ್ಲ. ಬೇವಿಗೂ ಬಣ್ಣಕ್ಕೂ ಏನು ನಂಟೋ ನನಗೆ ಇನ್ನೂ ಹೊಳೆದಿಲ್ಲ. ಇಲ್ಲಿ ಬೇವು ಇರಲಿಲ್ಲ, ಬಂದ ದಿನವೇ ನೆಟ್ಟೆ."

"ಸಸಿ ಕೊಳೆಯೋ ಹಾಗಾಗಿದೆ ದೊಡ್ಡಕ್ಕ, ಎಲೆ ಎಲ್ಲ ಹಳದಿ" ಎಂದಳು ಹಿಂದಿನಿಂದ ಒಬ್ಬ ಚಿಕ್ಕ ಹುಡುಗಿ.

"ನೀನು ಬಾಯಿ ಮುಚ್ಚೇ. ದೊಡ್ಡವರ ಮುಂದೆ ಮಾತಾಡ್ತಾಳೆ" ಎಂದು ಪಕ್ಕದವಳು ತಿವಿದಳು.

ಎಲ್ಲರೂ ನಕ್ಕರು. ಬಣ್ಣಗಾರ್ತಿ ನಗಲಿಲ್ಲ. ಹುಡುಗಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

"ಅಕ್ಕ, ನೀವು ಎಲ್ಲವನ್ನೂ ಕಲಿಸಿ ಹೆಬ್ಬೆರಳು ಒತ್ತಿಸಿದಿರಿ. ಆದರೂ ಬಣ್ಣ ನಿಲ್ಲುತ್ತಿಲ್ಲ ಅಂದರೆ ದೋಷ ನನ್ನ ಕೈಯಲ್ಲೇ ಇರಬೇಕು. ಯಜಮಾನರಿಗೆ ಹಾಗೇ ಹೇಳಿಬಿಡಿ. ನನ್ನನ್ನು ತೆಗೆದುಹಾಕಲಿ. ಈ ಮಕ್ಕಳನ್ನು ಮಾತ್ರ ಮನೆಗೆ ಕಳಿಸದಿರಲಿ. ಇವರಿಂದ ನಾನು ಒಂದನ್ನೂ ಮುಚ್ಚಿಟ್ಟಿಲ್ಲ, ನಿಮ್ಮ ಹಾಗೇ."

ನಿಮ್ಮ ಹಾಗೇ ಎಂದಳು. ಕಟಕಿಯಾಡಲು ಹೇಳಿದ್ದಲ್ಲ. ಪಾಪ, ನಂಬಿ ಹೇಳಿದ್ದು.

ಬಣ್ಣಗಾರ್ತಿ ಸುಮ್ಮನೆ ಎದ್ದು ಊರಿಗೆ ಹೋಗಬಹುದಾಗಿತ್ತು. ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಹುಡುಗಿಯೇ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು, ಕೊಡ ಹೊತ್ತ ಹಾಗೆ. ಅವಳ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಹಾಗೆಯೇ ಇತ್ತು. ಬಣ್ಣಗಾರ್ತಿ ಅದನ್ನು ನೋಡಿದಳು. ಕೂತ ಚಾಪೆ ಕಾದ ಹೆಂಚಿನಂತಾಯಿತು.

"ಇನ್ನೊಂದು ಕಡಾಯಿ ಇಡಿ" ಎಂದಳು.

ಇಟ್ಟರು. ನೊರೆ ಕಟ್ಟಿತು, ಒಡೆಯತೊಡಗಿತು. ಹನ್ನೆರಡು ಕೈ ಕೊಡಗಳ ಕಡೆಗೆ ಹೋದವು.

"ಕೊಡ ಕೆಳಗಿಡಿ" ಎಂದಳು ಬಣ್ಣಗಾರ್ತಿ.

ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಹನ್ನೆರಡು ಮಂದಿಯ ಎದುರು ಹುಡುಗಿಯ ನಾಲಿಗೆಗೆ ಮುಟ್ಟಿಸಿದಳು. "ಏನನ್ನಿಸುತ್ತದೆ?"

"ಹುಳಿ."

"ಕಾಯಬೇಕು."

ಕಾದರು. ಇನ್ನೊಂದು ಹನಿ.

"ಈಗ?"

"ಒಗರು ಅಕ್ಕ."

"ಅದ್ದು."

ನೂಲು ಅದ್ದಿದರು, ಒಣಗಿಸಿದರು, ಹೊಳೆಯಲ್ಲಿ ಹಿಂಡಿದರು. ನೀರು ತಿಳಿಯಾಗಿಯೇ ಹೋಯಿತು. ಹನ್ನೆರಡು ಹುಡುಗಿಯರೂ ಕುಣಿದರು. ಅವರ ಕುಣಿತಕ್ಕೆ ಹೊಳೆಯ ಮೀನುಗಳು ದಡಕ್ಕೆ ಬಂದು ನೋಡಿ ಹೋದವು. ಕಲಿತ ಹುಡುಗಿ ಕುಣಿಯಲಿಲ್ಲ. ದಡದ ಮೇಲೆ ನಿಂತು ಹಿಂದಿನದನ್ನೆಲ್ಲ ಒಂದೊಂದಾಗಿ ನೆನೆದಳು. ಎರಡು ವರ್ಷ ಹೊತ್ತ ಕೊಡ, ಬೀದಿಯ ತುದಿಯ ಬಾವಿ, ಬೇವಿನ ಬುಡ. ಬಣ್ಣಗಾರ್ತಿಯ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಇಷ್ಟೇನಾ ಅಕ್ಕ?"

ಬೈದಿದ್ದರೆ ಬಣ್ಣಗಾರ್ತಿ ತಡೆದುಕೊಳ್ಳುತ್ತಿದ್ದಳು. ಬಣ್ಣದ ಮನೆ ಉಳಿಯಿತು, ಹದಿಮೂರು ಮಂದಿಯ ಕೆಲಸ ಉಳಿಯಿತು. ಬಣ್ಣಗಾರ್ತಿ ಮಾತ್ರ ಅಂದು ತಲೆ ತಗ್ಗಿಸಿಕೊಂಡು, ಊರಿನ ಹಿತ್ತಲ ದಾರಿ ಹಿಡಿದು ಮನೆ ಸೇರಿದಳು.

ಗುರುಗಳು ಕತೆ ನಿಲ್ಲಿಸಿದರು.

ಪಂಕಜಾಕ್ಷಿ ತಲೆಯೆತ್ತಲಿಲ್ಲ. ಅಂದು ಬೆಳಗ್ಗೆ ಎಂಟು ದಿನದ ಕೂಸೊಂದರ ಕೈ ಹಿಡಿದು ನರ ಹುಡುಕುವ ಮುಂಚೆ ಅವಳು ನಾಲ್ವರು ಹುಡುಗಿಯರನ್ನೂ ಹತ್ತಿ ತರಲು ಕಳಿಸಿದ್ದಳು. ಹತ್ತಿಯ ಡಬ್ಬಿ ಪಕ್ಕದಲ್ಲೇ ಇತ್ತು, ತುಂಬಿತ್ತು. ನಾಲ್ವರೂ ಓಡಿ ಹೋಗಿ ತಂದಿದ್ದರು, "ಎಲ್ಲಿಡೋಣ ಸಿಸ್ಟರ್?" ಎಂದು ಕೇಳಿದ್ದರು. ಹಿಂದಿನ ತಿಂಗಳು ಗುರುಗಳ ಮೊಮ್ಮಗುವಿನ ಕೈ ಹಿಡಿದಾಗಲೂ ಹಾಗೇ ಆಗಿತ್ತು. ಗುರುಗಳು ಆಗ ಮಂಚದ ಪಕ್ಕದಲ್ಲೇ ಕೂತಿದ್ದರು.

"ಗುರುಗಳೇ," ಎಂದಳು ಅವಳು, ನೆಲವನ್ನೇ ನೋಡುತ್ತ, "ಈ ಕತೆ ನಿಜವಾಗಿಯೂ ನಡೆದದ್ದೆ?"

"ಎಲ್ಲ ನಿಜ ಎಂದು ಆಣೆ ಇಟ್ಟೆನಲ್ಲ ತಾಯಿ, ಒಂದು ಸಣ್ಣದನ್ನು ಮಾತ್ರ ನಾನೇ ಸೇರಿಸಿದ್ದು, 'ಕೊಡ ಕೆಳಗಿಡಿ' ಎಂದಳು ಅಂದೆನಲ್ಲ, ಅದೊಂದು ಇನ್ನೂ ನಡೆದಿಲ್ಲ."