ಸಿವಂಗಿಯ ಮುಖದ ಕಪ್ಪು ಗೆರೆ ಕಣ್ಣೀರಲ್ಲ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ. ಯಾವ ಕಡೆ ಹರಿಯಬೇಕು ಎಂಬುದೇ ಹೊಳೆಗೆ ಸರಿಯಾಗಿ ಗೊತ್ತಿರಲಿಲ್ಲ. ಆಗ ಹುಲ್ಲುಬಯಲಿನಲ್ಲಿ ಸಿವಂಗಿ ಎಂಬ ತಾಯಿ ಇದ್ದಳು. ಈಗ ನಾವು ಚೀತಾ ಅನ್ನುತ್ತೇವಲ್ಲ, ಅವಳೇ. ಮೈತುಂಬ ಚುಕ್ಕೆ, ಉದ್ದನೆಯ ಕಾಲು, ಹಿಂದೆ ನಾಲ್ಕು ಮರಿ. ಮುಖದ ಮೇಲೆ ಮಾತ್ರ ಒಂದು ಗೆರೆಯೂ ಇರಲಿಲ್ಲ.

ಒಂದು ದಿನ ಸಿಂಹ ಎಲ್ಲರನ್ನೂ ಕೆರೆದಂಡೆಗೆ ಕರೆಯಿತು. "ಬೇಟೆ ಯಾರೇ ಹಿಡೀಲಿ, ಮೊದಲ ತುತ್ತು ಯಾರು ನುಂಗ್ತಾರೋ ಬೇಟೆ ಅವರದ್ದು. ಇದೇ ಕಟ್ಟಳೆ. ಒಪ್ಪಿಗೆ ಇದ್ದೋರು ಬಾಲ ಎತ್ತಿ" ಎಂದಿತು.

ಎಲ್ಲರಿಗಿಂತ ಮೊದಲು ಬಾಲ ಎತ್ತಿದ್ದು ಯಾರು ಗೊತ್ತೇ? ಸಿವಂಗಿ! ತನ್ನಷ್ಟು ಜೋರಾಗಿ ಓಡುವವರು ಇನ್ನಾರಿದ್ದಾರೆ, ಮೊದಲ ತುತ್ತು ತನ್ನದೇ ಎಂದುಕೊಂಡಳು ಪೆದ್ದಿ.

ಆಗ ಎಲ್ಲರೂ ತಂಪುಹೊತ್ತು ನೋಡಿ ಸಂಜೆ ಬೇಟೆಗೆ ಇಳಿಯುತ್ತಿದ್ದರು. ಸಿವಂಗಿಯೂ ಇಳಿದಳು. ಗಾಳಿಯನ್ನೇ ಹಿಂದೆ ಹಾಕಿ ಓಡಿ ಒಂದು ಕೃಷ್ಣಮೃಗವನ್ನು ಹಿಡಿದಳು. ಹಿಡಿದದ್ದೇನೋ ಆಯಿತು, ನುಂಗುವುದು ಹೇಗೆ? ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಮೈ ಕಾದ ಹೆಂಚಾಗಿತ್ತು. ತೇಕುತ್ತಾ ಅಲ್ಲೇ ಮಲಗಿಬಿಟ್ಟಳು.

ಅಷ್ಟರಲ್ಲಿ ಕತ್ತೆಕಿರುಬ ನಿಧಾನವಾಗಿ ನಡೆದುಕೊಂಡು ಬಂತು. "ಏನಕ್ಕಾ, ಸುಸ್ತಾಯ್ತಾ? ನೀನು ಆರಾಮ ಮಾಡು" ಎಂದು ಒಂದು ತುತ್ತು ಹರಿದು ಗುಳುಕ್ಕನೆ ನುಂಗಿತು. "ಇನ್ನು ಇದು ನಂದು!"

ಸಿವಂಗಿಗೆ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೆ ಬಿದ್ದು ಕಾಲು ಮುರಿದರೆ ನಾಳೆ ಮರಿಗಳಿಗಾಗಿ ಓಡುವವರು ಯಾರು? ಎದ್ದು ಹೊರಟಳು. "ಹೇಡಿ, ಹೇಡಿ!" ಎಂದು ಕತ್ತೆಕಿರುಬ ಹಿಹಿಹಿ ನಕ್ಕಿತು. ಕದ್ದು ತಿಂದದ್ದೂ ಅಲ್ಲದೆ ನಗು ಬೇರೆ!

ಮಾರನೆಯ ಸಂಜೆಯೂ ಹಾಗೇ ಆಯಿತು. ಅದರ ಮಾರನೆಯ ಸಂಜೆಯೂ ಹಾಗೇ. ಕೊನೆಯ ಮರಿಗೆ ಎದ್ದು ನಿಲ್ಲಲೂ ತ್ರಾಣ ಉಳಿಯಲಿಲ್ಲ.

ಸಿವಂಗಿ ನೇರವಾಗಿ ಸಿಂಹದ ಬಳಿ ಹೋದಳು. "ದೊರೆಗಳೇ, ಓಡಿದೋಳು ನಾನು, ಹಿಡಿದೋಳು ನಾನು. ಉಸಿರು ತಗೊಳ್ಳೋಷ್ಟು ಹೊತ್ತು ಕೊಡದೆ ಕಸ್ಕೊಳ್ಳೋದು ನ್ಯಾಯಾನಾ?"

"ಅಷ್ಟು ಜೋರಾಗಿ ಓಡು ಅಂತ ನಿಂಗೆ ಹೇಳ್ದೋರ್ಯಾರು? ಬಾಲ ಎತ್ತಿದ್ದೂ ನೀನೇ. ಕಟ್ಟಳೆ ಅಂದ್ರೆ ಕಟ್ಟಳೆ" ಎಂದು ಸಿಂಹ ಮೀಸೆ ನೆಕ್ಕಿತು. ಅದರ ಮುಂದೆ ಒಂದು ತೊಡೆ ಬಿದ್ದಿತ್ತು. ಸಿವಂಗಿ ಮೂಸಿದಳು. ನಿನ್ನೆ ತಾನೇ ಹಿಡಿದ ಕೃಷ್ಣಮೃಗದ ತೊಡೆ! ಕತ್ತೆಕಿರುಬ ತಂದುಕೊಟ್ಟ ಪಾಲು!

ಅವಳು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ವಾಪಸು ಬಂದಳು.

ಮರುದಿನ ನೆತ್ತಿ ಸುಡುವ ಮಧ್ಯಾಹ್ನ. ಸಿಂಹ ಮರದಡಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಕತ್ತೆಕಿರುಬ ಬಿಲದೊಳಗೆ ಗೊರಕೆ ಹೊಡೆಯುತ್ತಿತ್ತು. ಸಿವಂಗಿ ಬಯಲಿಗೆ ಇಳಿದಳು.

"ಎಲ್ಲಿಗವ್ವಾ? ಈ ಬಿಸಿಲಲ್ಲಿ ಯಾರಿಗೂ ಕಣ್ಣು ಬಿಡಕ್ಕಾಗಲ್ಲ" ಎಂದಿತು ಗಾಳಿ.

"ಯಾರಿಗೂ ಆಗಲ್ವಾ? ಹಾಗಾದ್ರೆ ಈ ಹೊತ್ತು ನಂದು!"

ಓಡಿದಳು. ಆದರೆ ಬಿಸಿಲು ಕಣ್ಣಿಗೆ ಚುಚ್ಚಿ, ನೀರು ಸುರಿದು, ಬೇಟೆ ತಪ್ಪಿಹೋಯಿತು. ಪಕ್ಕದಲ್ಲಿ ಸಿಡಿಲಿಗೆ ಸುಟ್ಟ ಜಾಲಿಯ ಮೋಟು ಇತ್ತು. ರೇಗಿ ಹೋಗಿ ಆ ಇದ್ದಿಲಿಗೆ ಎರಡೂ ಕಣ್ಣಿನಂಚನ್ನು ಗಸಗಸ ಉಜ್ಜಿದಳು. ಇದ್ದಿಲು ನೀರಿನೊಡನೆ ಇಳಿದು, ಮೂಗಿನ ಪಕ್ಕದಿಂದ ಬಾಯಿಯ ಮೂಲೆಯವರೆಗೆ ಕಪ್ಪು ಗೆರೆಯಾಯಿತು. ಬಿಸಿಲಿನ ಚುಚ್ಚು ಕಡಿಮೆಯಾಯಿತು!

ಮತ್ತೆ ಓಡಿದಳು, ಹಿಡಿದಳು, ತೇಕುತ್ತಾ ಮಲಗಿದಳು. ಎದೆಬಡಿತ ಇಳಿಯಿತು. ಯಾರೂ ಬರಲಿಲ್ಲ. ಅವಳು ಮೊದಲ ತುತ್ತು ನುಂಗಿದಳು. ಸಿಂಹಕ್ಕೆ ಎಚ್ಚರವಾಗಬಾರದೆಂದು ಹಕ್ಕಿಯ ಹಾಗೆ ಚಿವ್ ಚಿವ್ ಎಂದು ಮರಿಗಳನ್ನು ಕರೆದಳು. ಮೂರು ಓಡಿ ಬಂದವು. ನಾಲ್ಕನೆಯದು ತೆವಳುತ್ತಾ ಬಂತು. ಬಂತಲ್ಲ, ಅಷ್ಟು ಸಾಕು. ಅದಕ್ಕೇ ಮೆತ್ತನೆಯ ತುಂಡು ಸಿಕ್ಕಿತು.

ಸಂಜೆ ಕತ್ತೆಕಿರುಬ ಮೂಸುತ್ತಾ ಬಂದಾಗ ಉಳಿದದ್ದು ಬರೀ ಮೂಳೆ. "ಅಯ್ಯೋ ಪಾಪ, ಅಕ್ಕ ಅತ್ತೂ ಅತ್ತೂ ಮುಖ ಕಪ್ಪು ಮಾಡ್ಕೊಂಡಿದಾಳೆ" ಎಂದಿತು.

"ಅಳೋಕೆ ನಾನೇನು ತಪ್ಪು ಮಾಡಿದೀನಿ? ಇದು ಸೂರ್ಯನ್ನ ದಿಟ್ಟಿಸೋರು ಹಚ್ಚೋ ಕಾಡಿಗೆ. ನಾಳೆ ಮಧ್ಯಾಹ್ನ ಬಾ, ನಿಂಗೂ ಹಚ್ತೀನಿ" ಎಂದಳು ಸಿವಂಗಿ.

ಕತ್ತೆಕಿರುಬ ಬರಲಿಲ್ಲ. ತಾಯಿಯ ಮುಖಕ್ಕೆ ಮುಖ ಉಜ್ಜಿ ಮರಿಗಳೂ ಗೆರೆ ಹಚ್ಚಿಕೊಂಡವು. ಆ ಕಪ್ಪು ಮತ್ತೆ ಯಾವ ಮಳೆಗೂ ಹೋಗಲಿಲ್ಲ.

ಅದಕ್ಕೇ ಇಂದಿಗೂ ಸಿವಂಗಿ ಹಗಲುಹೊತ್ತಿನಲ್ಲೇ ಬೇಟೆಯಾಡುತ್ತಾಳೆ, ಮರಿಗಳನ್ನು ಹಕ್ಕಿಯ ದನಿಯಲ್ಲಿ ಕರೆಯುತ್ತಾಳೆ. ಮೃಗಾಲಯದಲ್ಲಿ ಅವಳ ಮುಖ ನೋಡಿ ಯಾರಾದರೂ "ಪಾಪ, ಅಳ್ತಿದೆ" ಎಂದರೆ ಸುಮ್ಮನಿರಬೇಡ ಮಗು. ನೀನು ನೋಡುತ್ತಿರುವ ಆ ಎರಡು ಗೆರೆ, ಮರಿಗಳ ತುತ್ತನ್ನು ಇನ್ನು ಯಾರಿಗೂ ಬಿಟ್ಟುಕೊಡೆನೆಂದು ಒಬ್ಬ ತಾಯಿ ಅಂದು ಹಚ್ಚಿಕೊಂಡ ಕಾಡಿಗೆ.