ಎಲೆ ಎಳೆದ ಮೀನು, ಕದಲದ ಬಂಡೆ

ಅಮೆಜಾನ್ ಸೀಮೆಯ ಒಂದು ತೊರೆಯಲ್ಲಿ ಬೆರಳುದ್ದದ ಸಿಕ್ಲಿಡ್ ಎಂಬ ಜಾತಿಯ ಮೀನೊಂದಿತ್ತು. ಅದರ ಕುಲದವರು ಉದುರಿದ ಎಲೆಯ ಮೇಲೆ ಮೊಟ್ಟೆಯಿಡುತ್ತಾರೆ. ಅಪಾಯ ಬಂದರೆ ಎಲೆಯನ್ನೇ ಕಚ್ಚಿ ಬೇರೆಡೆಗೆ ಎಳೆದೊಯ್ಯುತ್ತಾರೆ. ಬೇಸಿಗೆಗೆ ತೊರೆ ಇಳಿಯತೊಡಗಿದಾಗ ಈ ತಾಯಿಮೀನು ಎರಡು ದಿನದಲ್ಲಿ ನಾಲ್ಕು ಸಲ ಎಲೆ ಎಳೆದು, ಕೊನೆಗೆ ಒಂದು ಬಂಡೆಯ ಬುಡದಲ್ಲಿ ಸುಸ್ತಾಗಿ ನಿಂತಿತು.

“ಎಷ್ಟೆಂದು ಅಲೆಯುತ್ತೀಯಮ್ಮ?” ಎಂದಿತು ಬಂಡೆ. “ನಾನು ನೂರು ಬೇಸಿಗೆ ಕಂಡಿದ್ದೇನೆ, ಒಂದಡಿ ಕದಲಿಲ್ಲ. ಹೋದ ನೀರು ಪ್ರತಿ ಸಲವೂ ತಿರುಗಿ ಬಂದಿದೆ. ಇಲ್ಲೇ ಇದ್ದುಬಿಡು.”

ಮೀನಿಗೆ ಆ ಮಾತು ಹಿತವಾಯಿತು. ದವಡೆ ನೋಯುತ್ತಿತ್ತು, ಈಜುರೆಕ್ಕೆಗಳು ಸೋತಿದ್ದವು. ಬಂಡೆಗೆ ಒರಗಿ ಅದು ಅರ್ಧ ದಿನ ಸುಮ್ಮನಿತ್ತು. ತಿರುಗಿ ನೋಡಿದಾಗ ಎಲೆಯ ಒಂದು ಅಂಚು ನೀರಿನಿಂದ ಹೊರಗಿತ್ತು. ಅಲ್ಲಿದ್ದ ಮೊಟ್ಟೆಗಳು ಬಿಸಿಲಿಗೆ ಬೆಳ್ಳಗಾಗಿ ಸುರುಟಿದ್ದವು.

“ಹೆದರಬೇಡ,” ಎಂದಿತು ಬಂಡೆ. “ಮಳೆಗಾಲಕ್ಕೆ ನೀರು ಬಂದೇ ಬರುತ್ತದೆ.”

“ಬರುತ್ತದೆ ಸ್ವಾಮಿ, ನೀವು ಸುಳ್ಳು ಹೇಳಲಿಲ್ಲ,” ಎಂದಿತು ಮೀನು. “ಆದರೆ ಮಳೆಗಾಲದವರೆಗೆ ಕಾಯುವ ಆಯುಸ್ಸು ನಿಮ್ಮದು. ನನ್ನ ಮಕ್ಕಳಿಗೆ ಸಂಜೆಯವರೆಗೂ ಸಮಯವಿಲ್ಲ. ಅದನ್ನು ಮರೆತು ಒರಗಿದ್ದು ನನ್ನ ತಪ್ಪು.”

ಬಂಡೆ ಇನ್ನೂ ಏನೋ ಸಮಾಧಾನ ಹೇಳುತ್ತಿತ್ತು. ಮೀನು ಆಗಲೇ ಎಲೆ ಕಚ್ಚಿತ್ತು. ಆ ಬಾಯಲ್ಲಿ ಮಾತಿಗೆ ಜಾಗವಿರಲಿಲ್ಲ. ಸತ್ತ ಮೊಟ್ಟೆಗಳನ್ನೂ ಬದುಕಿರುವವನ್ನೂ ಒಟ್ಟಿಗೇ ಹೊತ್ತ ಆ ಎಲೆಯನ್ನು ಅದು ಗೇಣು ಗೇಣಾಗಿ ಆಳದ ಕಡೆಗೆ ಎಳೆಯತೊಡಗಿತು.