ರಾಜಕುಮಾರನ ಸೋದರಮಾವ

“ಕೇಳ್ರಪ್ಪೋ ಕೇಳಿ. ರಾಣಿ ಮಲ್ಲಾಜಮ್ಮನವರಿಗೆ ಗಂಡು ಮಗು ಹುಟ್ಟಿದೆ. ಅವರಿಗೆ ಒಡಹುಟ್ಟಿದವರಿಲ್ಲ. ಕೂಸಿಗೆ ಉಡಿದಾರ ಕಟ್ಟಲು ಸೋದರಮಾವ ಬೇಕು. ಮೂರು ಒಗಟು ಬಿಡಿಸಿದವನೇ ರಾಣಿಯ ತಮ್ಮ. ತಪ್ಪು ಹೇಳಿದವರು ಯಾರೇ ಆಗಲಿ, ತಲೆ ಉಳಿಯದು.”

ಡಂಗುರ ಕೆರೆ ಏರಿಗೆ ಬಂದಾಗ ತಿಪ್ಪ ಎಮ್ಮೆ ತೊಳೆಯುತ್ತಿದ್ದ.

“ಹೋಗೋ ತಿಪ್ಪ, ಕೂತು ಹೊಯ್ಯುವ ಗಂಡಸನ್ನ ಅರಮನೆಯವರೂ ನೋಡಲಿ” ಎಂದು ಜೊತೆಯವರು ನಕ್ಕರು.

ಹುಟ್ಟಿನಿಂದಲೇ ಅವನಿಗೆ ಉಚ್ಚೆಯ ದಾರಿ ತುದಿಯಲ್ಲಿರದೆ ಕೆಳಗಿತ್ತು. ನಿಂತರೆ ಕಾಲು ತೋಯುತ್ತಿತ್ತು. ಅವನ ಅವ್ವ ಇದ್ದಿದ್ದರೆ, “ರಾಜರು ಕೂರ್ತಾರೆ, ಆಳುಗಳು ನಿಲ್ತಾರೆ. ನೀವು ನಿಂತೇ ಇರಿ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ತಿಪ್ಪ ಅವಳದೇ ಮಗ. ಎಮ್ಮೆ ಬಿಟ್ಟು ಅರಮನೆಗೆ ನಡೆದ.

ಅಲ್ಲಿ ರಾಣಿಯ ಮೈದುನ ಮೀಸೆ ತಿರುವುತ್ತಾ ಕೂತಿದ್ದ. ಹೆರಿಗೆ ಕೋಣೆಯ ಗುಟ್ಟು ಅವನಿಗೆ ಗೊತ್ತಾಗಿತ್ತು. “ಇಂಥ ಕೂಸಿಗೆ ಪಟ್ಟ ಕಟ್ತೀಯಾ ಅಣ್ಣ?” ಎಂದು ರಾಜನ ತಲೆ ತಿಂದಿದ್ದ. ಇವತ್ತು ಉಡಿದಾರ ಬೀಳದಿದ್ದರೆ ಪಟ್ಟವಿಲ್ಲ ಎಂದು ರಾಜನೂ ಒಪ್ಪಿಬಿಟ್ಟಿದ್ದ. ತೊಟ್ಟಿಲ ಮೇಲೆ ರೇಷ್ಮೆಯ ಮೇಲೆ ರೇಷ್ಮೆ ಹೊದಿಸಿದ್ದರು.

ರಾಣಿ ಕೇಳಿದಳು: “ಚೀಲ ಒಂದು, ಬರಬೇಕಾದ ಬೀಜ ಎರಡು. ಒಂದು ಬಂದಿದೆ. ಇನ್ನೊಂದು ಎಲ್ಲಿ?”

“ಇಲಿ ತಿಂದಿತು” ಎಂದ ವ್ಯಾಪಾರಿಯ ಮಗ. “ಕಳ್ಳ ಹೊಡೆದ” ಎಂದ ಪಾಳೇಗಾರನ ಮಗ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು.

“ದಾರಿಯಲ್ಲಿದೆ ತಾಯಿ” ಎಂದ ತಿಪ್ಪ. “ಕರುಗಳಲ್ಲಿ ನೋಡಿದ್ದೀನಿ. ಕೆಲವಕ್ಕೆ ಒಂದು ಹೊಟ್ಟೆಯಲ್ಲೇ ತಡೆದು ನಿಧಾನಕ್ಕೆ ಇಳಿಯುತ್ತೆ.”

ರಾಣಿ ತೊಟ್ಟಿಲ ಅಂಚನ್ನು ಬಿಗಿಯಾಗಿ ಹಿಡಿದಳು. “ಚಿಲುಮೆಯ ಬಾಯಿ ಬೆಟ್ಟದ ತುದಿಯಲ್ಲಿಲ್ಲ, ಕೆಳಗಿದೆ. ನೀರಿಗೆ ಬಂದ ಕೊರತೆ ಏನು?”

ಇದು ತೊಟ್ಟಿಲ ಕೂಸಿನ ಮಾತು, ತನ್ನದೂ ಹೌದು ಎಂದು ತಿಪ್ಪನಿಗೆ ತಿಳಿಯಿತು. “ನೀರಿಗೇನೂ ಕೊರತೆಯಿಲ್ಲ. ತುದಿಯಲ್ಲೇ ಹುಡುಕುವವರಿಗೆ ಕಾಣುವುದಿಲ್ಲ, ಅಷ್ಟೆ.”

“ಈ ಅರಮನೆಯಲ್ಲಿ ಎಲ್ಲರಿಗೂ ಇದೆ, ತೊಟ್ಟಿಲಲ್ಲಿ ಮಲಗಿದವನಿಗೆ ಮಾತ್ರ ಇಲ್ಲ. ಏನದು?”

ಮೈದುನನಿಗೆ ತಡೆಯಲಾಗಲಿಲ್ಲ. “ಇದಕ್ಕೆ ಎಮ್ಮೆ ಕಾಯುವವನು ಯಾಕೆ ಅತ್ತಿಗೆ? ನಾನೇ ಹೇಳ್ತೀನಿ. ಗಂಡಸುತನ.”

“ತಪ್ಪು” ಎಂದಳು ರಾಣಿ. ಅವನ ಕೈ ಮೀಸೆಯಿಂದ ಜಾರಿತು. ಅವನನ್ನೂ ಕಂಬಕ್ಕೆ ಕಟ್ಟಿದರು.

“ನಾಚಿಕೆ, ಅಕ್ಕ” ಎಂದ ತಿಪ್ಪ. ಯಾವಾಗ ತಾಯಿ ಹೋಗಿ ಅಕ್ಕ ಬಂತೋ ಅವನಿಗೇ ಗೊತ್ತಾಗಲಿಲ್ಲ. “ಇಷ್ಟೊಂದು ರೇಷ್ಮೆ ಹೊದಿಸಿದ್ದು ನಿಮ್ಮೆಲ್ಲರ ನಾಚಿಕೆಗೆ. ಅವನಿಗೆ ಸೆಕೆಯಾಗ್ತಿದೆ. ನಾನೂ ಹೀಗೇ ಹುಟ್ಟಿದವನು. ನಮ್ಮವ್ವ ನನ್ನನ್ನು ಬೀದಿಯಲ್ಲಿ ಬರಿಮೈಯಲ್ಲೇ ಆಡಿಸಿದಳು.”

ರಾಣಿ ರೇಷ್ಮೆಯನ್ನೆಲ್ಲ ಕಿತ್ತು ನೆಲಕ್ಕೆ ಹಾಕಿ, ಕೂಸನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ರಾಜ ತಲೆ ತಗ್ಗಿಸಿದ. ಆಮೇಲೆ ಎದ್ದು ಬಂದು ಮಗನ ಪಾದ ಮುಟ್ಟಿ, “ಪಟ್ಟ ಇವನದೇ” ಎಂದ.

“ತಮ್ಮ, ಏನು ಬೇಕು ಕೇಳು” ಎಂದಳು ರಾಣಿ.

“ತವರಿನವರು ಬಂದ ದಿನ ಮನೆಯಲ್ಲಿ ರಕ್ತ ಚೆಲ್ಲಬಾರದು ಅಕ್ಕ. ಮೂವರನ್ನೂ ಬಿಡಿಸು. ನಿನ್ನ ಮೈದುನನನ್ನೂ.”

ತಿಪ್ಪ ಚಿನ್ನದ ಉಡಿದಾರ ಕಟ್ಟಿ ಕೂಸನ್ನು ಮಡಿಲಿಗೆ ಹಾಕಿಕೊಂಡ. ಕೂಸು ಬೆಚ್ಚಗೆ ಅವನ ಪಂಚೆ ತೋಯಿಸಿತು.

ರಾಣಿ ಮೈದುನನ ಕಡೆ ತಿರುಗಿ ಹೇಳಿದಳು, “ನೋಡಿದಿರಾ, ತನ್ನವರು ಯಾರು ಅಂತ ಅರಸುಮಗನಿಗೆ ಆಗಲೇ ಗೊತ್ತು.”